ಮಧ್ಯಾಹ್ನವಾದೊಡನೆ ಲ್ಯಾಪ್‌ಟಾಪಿನ ವೈಫೈ ಕಡಿದುಹೋಗುತ್ತದೆ, ಕಾರ್ಡ್ ಬದಲಿಸಬೇಕೇ?

ಪ್ರಶ್ನೆ (ಶಿಕ್ಷಕಿ, ರಾಯಚೂರು):
ನಮಸ್ಕಾರ. ನಮ್ಮದು ರಾಯಚೂರು ಕೋಟೆಯ ಸಮೀಪದ ಹಳೆಯ ಮನೆ. ಗೋಡೆಗಳೆಲ್ಲ ಒಂದೂವರೆ ಅಡಿ ದಪ್ಪದ ಕಲ್ಲಿನವು. ರೌಟರ್ ಪಡಸಾಲೆಯಲ್ಲಿದೆ, ನಾನು ಕೂತು ಕೆಲಸ ಮಾಡುವುದು ಒಳಕೋಣೆಯಲ್ಲಿ. ಚಳಿಗಾಲದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಮಾರ್ಚ್ ತಿಂಗಳಿನಿಂದೀಚೆಗೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸಂಪರ್ಕ ಕಡಿಯತೊಡಗಿ, ಸಂಜೆಗೆ ತಾನಾಗಿಯೇ ಸರಿಹೋಗುತ್ತದೆ. ಪಡಸಾಲೆಯಲ್ಲಿ ಮೊಬೈಲಿಗೆ ಏನೂ ಅಡ್ಡಿಯಿಲ್ಲ. ಅಂಗಡಿಯೊಂದರಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿಸಿದರೂ ಗುಣ ಕಾಣಲಿಲ್ಲ. ನಮ್ಮೂರಿನ ಬಿಸಿಲಿಗೆ ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡೇ ಕೆಟ್ಟಿರಬಹುದೇ?

ಉತ್ತರ (ಕಂಪ್ಯೂಟರ್ ದುರಸ್ತಿಗಾರ, ಬಳ್ಳಾರಿ):
ಕಾರ್ಡಿನ ಮಾತು ಸದ್ಯಕ್ಕೆ ಬೇಡ. ಕೆಟ್ಟ ಕಾರ್ಡು ಗಡಿಯಾರ ನೋಡಿಕೊಂಡು ಕೈಕೊಡುವುದು ಅಪರೂಪ. ಇಂಟರ್ನೆಟ್ಟಿನ ದಾರಿಯಲ್ಲಿ ಎರಡು ತುಂಡುಗಳಿವೆ: ಲ್ಯಾಪ್‌ಟಾಪಿನಿಂದ ರೌಟರಿನವರೆಗೆ ಒಂದು, ರೌಟರಿನಿಂದ ಹೊರಗಿನವರೆಗೆ ಇನ್ನೊಂದು. ಯಾವುದು ಕಡಿದಿದೆಯೆಂದು ತಿಳಿಯದೆ ವಿಂಡೋಸ್ ಬದಲಿಸುವುದು ಹಲ್ಲುನೋವಿಗೆ ಕನ್ನಡಕ ಕೊಟ್ಟಂತೆ.

ಸಂಪರ್ಕ ಕೆಟ್ಟಿರುವ ಹೊತ್ತಿನಲ್ಲೇ ಕಮಾಂಡ್ ಪ್ರಾಂಪ್ಟ್, ಅಂದರೆ ವಿಂಡೋಸಿನಲ್ಲಿ ಆಜ್ಞೆ ಬರೆಯುವ ಕಿಟಕಿ, ತೆರೆದು ಐಪಿಕಾನ್ಫಿಗ್ (ipconfig) ಎಂಬ ಆಜ್ಞೆ ಕೊಡಿ. ಅಲ್ಲಿ ಡಿಫಾಲ್ಟ್ ಗೇಟ್‌ವೇ ಎಂದು ಕಾಣುವ ಸಂಖ್ಯೆ, ಸಾಮಾನ್ಯವಾಗಿ 192.168.1.1ರಂಥದ್ದು, ನಿಮ್ಮ ರೌಟರಿನ ವಿಳಾಸ. ಪಿಂಗ್ (ping) ಎಂದು ಬರೆದು ಪಕ್ಕದಲ್ಲಿ ಆ ವಿಳಾಸ ಕೊಟ್ಟರೆ, ರೌಟರ್ ಓಗೊಡಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಸಾಲುಸಾಲಾಗಿ ತೋರುತ್ತದೆ. ಅಲ್ಲೇ ರಿಕ್ವೆಸ್ಟ್ ಟೈಮ್ಡ್ ಔಟ್ (ಹೊತ್ತಿಗೆ ಉತ್ತರ ಬರಲಿಲ್ಲ) ಎಂದು ಬಂದರೆ ದೋಷ ಮನೆಯೊಳಗಿನದು; ಇಂಟರ್ನೆಟ್ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ಅದರ ಜೊತೆಗೆ, ಸೆಟ್ಟಿಂಗ್ಸಿನಲ್ಲಿ ವೈಫೈ ಗುಣವಿವರ ತೆರೆದು ನೆಟ್‌ವರ್ಕ್ ಬ್ಯಾಂಡ್, ಅಂದರೆ ವೈಫೈ ಅಲೆಯ ಆವರ್ತನ, ಎಷ್ಟೆಂದು ನೋಡಿ. ರೌಟರಿಗೂ ನಿಮಗೂ ನಡುವೆ ಏನೇನು ವಸ್ತುಗಳಿವೆ ಎಂಬುದನ್ನು ಒಂದೂ ಬಿಡದೆ ಬರೆಯಿರಿ.

ಶಿಕ್ಷಕಿ:
ಒಳಕೋಣೆಯಿಂದ ಪಿಂಗ್ ಮಾಡಿದಾಗ ಮೂರಕ್ಕೊಂದು ಸಾಲು ಟೈಮ್ಡ್ ಔಟ್ ಬಂತು. ಪಡಸಾಲೆಗೆ ಒಯ್ದು ಕೂತಾಗ ಎಲ್ಲವೂ 2, 3 ಮಿಲಿಸೆಕೆಂಡಿನಲ್ಲಿ ಬಂದವು. ಬ್ಯಾಂಡ್ 5 ಗಿಗಾಹರ್ಟ್ಸ್. ನಡುವೆ ಒಂದು ಬಾಗಿಲಿದೆ, ಅದು ತೆರೆದೇ ಇರುತ್ತದೆ. ಕೋಣೆಗೆ ಕಿಟಕಿಯಿಲ್ಲದ ಕಾರಣ ಬೇಸಿಗೆಯಲ್ಲಿ ಹನ್ನೆರಡಕ್ಕೆ ನೀರು ತುಂಬಿಸಿ ತಗಡಿನ ಕೂಲರನ್ನು ಆ ಬಾಗಿಲಿಗೇ ನಿಲ್ಲಿಸುತ್ತೇವೆ. ಸಂಜೆ ಮಕ್ಕಳಿಗೆಂದು ಪಡಸಾಲೆಯ ಮೂಲೆಗೆ ತಳ್ಳುತ್ತೇವೆ.

ಉತ್ತರ:
ಅಲ್ಲಿದೆ ನೋಡಿ. ಕಲ್ಲುಗೋಡೆಯನ್ನು ದಾಟಲು 5 ಗಿಗಾಹರ್ಟ್ಸ್ ಅಲೆಗೆ ಶಕ್ತಿ ಸಾಲದು. ಚಳಿಗಾಲವಿಡೀ ನಿಮಗೆ ಸಿಗ್ನಲ್ ಬರುತ್ತಿದ್ದದ್ದು ಬಹುಪಾಲು ಆ ತೆರೆದ ಬಾಗಿಲಿನಿಂದಲೇ. ಈಗ ಅದಕ್ಕೆ ತಗಡು, ಒದ್ದೆ ಹುಲ್ಲು ಮತ್ತು ತೊಟ್ಟಿ ತುಂಬ ನೀರನ್ನು ಅಡ್ಡ ಇಟ್ಟಿದ್ದೀರಿ. ತಗಡು ಅಲೆಯನ್ನು ಹಿಂದಕ್ಕೆಸೆಯುತ್ತದೆ, ನೀರು ಹೀರುತ್ತದೆ. ಬಿಸಿಲು ತಪ್ಪಿತಸ್ಥನಲ್ಲ, ಬಿಸಿಲಿಗೆ ಹೂಡಿದ ಉಪಾಯವೇ ತಪ್ಪಿತಸ್ಥ.

ಈ ಸೆಕೆಯಲ್ಲಿ ಕೂಲರ್ ತೆಗೆಯಿರಿ ಎಂದು ಹೇಳಲಾರೆ. ರೌಟರನ್ನು ಕೂಲರಿನ ತಲೆಗಿಂತ ಮೇಲೆ, ಬಾಗಿಲಿನ ಮೇಲ್ಭಾಗದ ತೆರಪು ನೇರವಾಗಿ ಕಾಣುವಂಥ ಗೂಡಿಗೆ ಏರಿಸಿ. ಕಬ್ಬಿಣದ ಅಲ್ಮೇರಾದ ಮೇಲೆ ಮಾತ್ರ ಬೇಡ. ಲ್ಯಾಪ್‌ಟಾಪನ್ನು ರೌಟರಿನ 2.4 ಗಿಗಾಹರ್ಟ್ಸಿನ ವೈಫೈ ಹೆಸರಿಗೆ ಜೋಡಿಸಿ. ಅದರ ವೇಗ ಕಡಿಮೆ, ಆದರೆ ಗೋಡೆಯನ್ನು 5 ಗಿಗಾಹರ್ಟ್ಸಿಗಿಂತ ಚೆನ್ನಾಗಿ ದಾಟುತ್ತದೆ. ನೆರೆಮನೆಗಳ ವೈಫೈ ಒತ್ತೊತ್ತಾಗಿದ್ದರೆ ರೌಟರಿನಲ್ಲಿ 1, 6, 11ನೆಯ ಚಾನೆಲ್‌ಗಳಲ್ಲಿ (2.4 ಗಿಗಾಹರ್ಟ್ಸಿನೊಳಗಿನ ಚಿಕ್ಕ ದಾರಿಗಳು) ಬಿಡುವಾದದ್ದನ್ನು ಆರಿಸಿಕೊಳ್ಳಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಶಿಕ್ಷಕಿ:
ರೌಟರ್ ಏರಿಸಿದ ಮೇಲೆ ಮಧ್ಯಾಹ್ನವೂ ನಿರಾತಂಕವಾಗಿದೆ. ಆದರೆ ಲ್ಯಾಪ್‌ಟಾಪನ್ನು ಮುಚ್ಚಿ ತೆರೆದಾಗ ಕೆಲವೊಮ್ಮೆ ವೈಫೈ ಕಾಣುವುದೇ ಇಲ್ಲ.

ಉತ್ತರ:
ಇದು ಬೇರೆಯೇ ಕಾಯಿಲೆ. ಬ್ಯಾಟರಿ ಉಳಿಸಲೆಂದು ವಿಂಡೋಸ್ ಕಾರ್ಡನ್ನು ಮಲಗಿಸುತ್ತದೆ, ಕೆಲವು ಕಾರ್ಡುಗಳು ಎದ್ದೇಳುವುದಿಲ್ಲ. ಡಿವೈಸ್ ಮ್ಯಾನೇಜರಿನ ನೆಟ್‌ವರ್ಕ್ ಅಡಾಪ್ಟರ್‌ಗಳಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಗುರುತನ್ನು ತೆಗೆಯಿರಿ. ಆ ಪುಟವೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ವೈಫೈ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಸದಾಗಿ ಹಾಕಿಕೊಳ್ಳಿ.

ಪ್ರಶ್ನೆ (ಓದುಗರು, ಸಿಂಧನೂರು):
ಕರೆಂಟ್ ಹೋಗಿ ಬಂದ ಮೇಲೆ ವೈಫೈ ಜೋಡಣೆಯಾಗಿದೆ ಎಂದು ತೋರಿಸಿದರೂ ಇಂಟರ್ನೆಟ್ ಬರುವುದಿಲ್ಲ. ಏಕೆ?

ಉತ್ತರ:
ನಿಮ್ಮದು ಎರಡನೆಯ ತುಂಡಿನ, ಅಂದರೆ ರೌಟರಿನಿಂದ ಹೊರಗಿನ ದಾರಿಯ, ದೋಷವಿರಬಹುದು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ದೀಪ ಕೆಂಪಾಗಿದ್ದರೆ ತಂತಿಯಲ್ಲಿ ಬೆಳಕೇ ಬರುತ್ತಿಲ್ಲವೆಂದರ್ಥ. ಲ್ಯಾಪ್‌ಟಾಪನ್ನು ಮುಟ್ಟದೆ ದೂರು ಕೊಡಿ. ಕೆಂಪಿಲ್ಲದಿದ್ದರೆ ರೌಟರ್ ಎದ್ದು ನಿಲ್ಲಲು ಎರಡು ಮೂರು ನಿಮಿಷ ಕಾಯಿರಿ. ಆಗಲೂ ಐಪಿಕಾನ್ಫಿಗ್ ತೋರಿಸುವ ಲ್ಯಾಪ್‌ಟಾಪಿನ ಐಪಿ ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ ರೌಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ. ವೈಫೈ ಆಫ್ ಮಾಡಿ ಮತ್ತೆ ಜೋಡಿಸಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ರೌಟರಿಗೆಂದೇ ಇರುವ ಚಿಕ್ಕ ಯುಪಿಎಸ್ ಕೊಳ್ಳುವುದು ಲೇಸು. ಕೊಳ್ಳುವ ಮೊದಲು ರೌಟರಿನ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ಓದಿಕೊಂಡು ಹೋಗಿ.