ಪದ್ಮಿನಿ ಕಾರು ಮರುಭೂಮಿಯಲ್ಲಿ ನಿಂತು ನಿಂತು ಹೋಗುತ್ತಿದೆ, ಒಬ್ಬನೇ ಇದ್ದೇನೆ: ವೇಪರ್ ಲಾಕಾ, ಕಾಯಿಲಾ?

ಕಾಲಮ್‌ಗೇರ್:
ನಮಸ್ಕಾರ. ಜೈಸಲ್ಮೇರ್‌ನ ಲಾಡ್ಜ್‌ನಿಂದ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪಾಕಿಸ್ತಾನ ಗಡಿ ಹತ್ತಿರದ ತನೋಟ್ ಕಡೆ ಹೊರಡಬೇಕು, ಅದಕ್ಕೇ ಸ್ವಲ್ಪ ಅರ್ಜೆಂಟ್.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಪೆಟ್ರೋಲ್. ಎಸಿ ಪಂಪ್ (ಟ್ಯಾಂಕ್‌ನಿಂದ ಪೆಟ್ರೋಲ್ ಎಳೆಯುವುದು) ಎರಡು ವರ್ಷದ ಹಿಂದೆ ಹಾಕಿಸಿದ್ದು. ಸ್ಪಾರ್ಕ್‌ಗೆ ಬೇಕಾದ ಪಾಯಿಂಟ್, ಕಂಡೆನ್ಸರ್ ಹೊರಡುವ ಮುಂಚೆ ಹೊಸದು ಹಾಕಿಸಿದೆ. ದಾವಣಗೆರೆಯಿಂದ ಪುಣೆ, ಅಹಮದಾಬಾದ್ ದಾಟಿ ಜೋಧಪುರದವರೆಗೆ ಒಂದು ಸಲವೂ ಕೈಕೊಡಲಿಲ್ಲ. ಅಲ್ಲಿಂದ ಜೈಸಲ್ಮೇರ್‌ಗೆ ಸುಮಾರು 280 ಕಿಮೀ, ಅಷ್ಟರಲ್ಲಿ ಮೂರು ಸಲ ನಿಂತಿತು.

ಜೋಧಪುರದಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಹೊರಟು 40 ಕಿಮೀ ಆಗಿರಬಹುದು. 65ರಲ್ಲಿ ಆರಾಮಾಗಿ ಹೋಗುತ್ತಿದ್ದದ್ದು ಪಿಕಪ್ ಕಳೆದುಕೊಂಡಿತು, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ ಜಗ್ಗಾಡಿತು, ಪಕ್ಕಕ್ಕೆ ತಗೊಳ್ಳುವಷ್ಟರಲ್ಲಿ ಆಫ್. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. 40 ನಿಮಿಷ ಕಾದೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯಿತು. ಎರಡನೇ ಸಲ ದೇಚು ಹತ್ತಿರ. ಪೋಕರಣ್‌ನಲ್ಲಿ ಮತ್ತೆ ಫುಲ್ ಮಾಡಿಸಿದೆ, ಮುಂದೆ ಬಂಕ್ ಸಿಗುತ್ತೋ ಇಲ್ವೋ ಅಂತ. ಅಲ್ಲಿಂದ 35 ಕಿಮೀಗೇ, ಲಾಠಿ ಅನ್ನೋ ಊರಿನ ಸಮೀಪ, ಮೂರನೇ ಸಲ. ಚಹಾ ಅಂಗಡಿಯವನು ಒಂದು ಗೋಣಿಚೀಲ ಒದ್ದೆ ಮಾಡಿ ಕೊಟ್ಟ, ಅದನ್ನು ಪಂಪ್ ಮೇಲೆ ಹಾಕಿ ಅರ್ಧ ಗಂಟೆ ಕೂತೆ, ಸ್ಟಾರ್ಟ್ ಆಯಿತು.

ಹೊರಗೆ 38 ಡಿಗ್ರಿ ಇತ್ತು. ಟೆಂಪರೇಚರ್ ಮುಳ್ಳು ಅರ್ಧದ ಹತ್ತಿರವೇ. ರೇಡಿಯೇಟರ್ ನೀರು ಕಡಿಮೆಯಾಗಿಲ್ಲ.

ಹಳೇಫಿಯೆಟ್:
ಅನುಮಾನವೇ ಬೇಡ, ವೇಪರ್ ಲಾಕ್. ಎಂಜಿನ್ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುತ್ತದೆ, ಎಸಿ ಪಂಪ್ ದ್ರವ ಎಳೆಯುತ್ತದೆ, ಆವಿ ಎಳೆಯುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆಸಿದ್ದು ಬೇರೆ, ಇನ್ನೂ ಬೇಗ ಆವಿಯಾಗುತ್ತದೆ. ಒದ್ದೆ ಗೋಣಿಗೆ ಸರಿಹೋಯಿತಲ್ಲ, ಇನ್ನೇನು ಸಾಕ್ಷಿ ಬೇಕು? ಬಿಸಿ ಎಳೆದುಕೊಳ್ಳಲಿ ಅಂತ ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ ಹಾಕಿ ಬೆಳಿಗ್ಗೆ ಐದಕ್ಕೇ ಹೊರಡಿ. ಬಿಸಿಲು ಏರುವ ಮುಂಚೆ ತನೋಟ್ ಮುಟ್ಟುತ್ತೀರಿ.

ಬಾನೆಟ್‌ಎತ್ತಿ:
ಕ್ಲಿಪ್ ಹಾಕುವುದು ನಮ್ಮ ತಾತನ ಕಾಲದಿಂದ ಇದೆ, ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ 😀 ನನಗೆ ಕಾಯಿಲ್ (ಸ್ಪಾರ್ಕ್‌ಗೆ ಹೈ ವೋಲ್ಟೇಜ್ ಕೊಡುವ ಭಾಗ) ಮೇಲೆ ಅನುಮಾನ. ಹಳೇ ಕಾಯಿಲ್ ಬಿಸಿಯಾದರೆ ಸ್ಪಾರ್ಕ್ ಸಾಯುತ್ತದೆ, ತಣ್ಣಗಾದರೆ ಬರುತ್ತದೆ. ಲಕ್ಷಣ ಇದೇ ತರ. ಜೈಸಲ್ಮೇರ್‌ನಲ್ಲಿ ಒಂದು ಕಾಯಿಲ್ ತಗೊಂಡು ಹಾಕಿಬಿಡಿ, ದುಬಾರಿ ಏನಲ್ಲ.

ಗದಗ ಗ್ಯಾರೇಜ್:
ಒಂದು ನಿಮಿಷ ತಡೀರಿ. ಸುಮ್ನೆ ಪಾರ್ಟ್ ಬದಲಾಯಿಸಬೇಡಿ.

ಒದ್ದೆ ಗೋಣಿ ಸಾಕ್ಷಿ ಅಲ್ಲ. ಗೋಣಿ ಹಾಕಿ ಅರ್ಧ ಗಂಟೆ ಕೂತಿದ್ದೀರಿ, ಗೋಣಿ ಇಲ್ಲದೆ 40 ನಿಮಿಷ ಕೂತಾಗಲೂ ಸ್ಟಾರ್ಟ್ ಆಗಿತ್ತಲ್ವಾ? ಕಾಯಿಲ್ ಆಗಿದ್ದರೂ ಆ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತಿತ್ತು. ನೀವು ಮೂರು ಸಲವೂ ಕಾದು ಕಾದು ರೋಗ ವಾಸಿಯಾದ ಮೇಲೆ ಡಾಕ್ಟರ್ ಹತ್ತಿರ ಬಂದಿದ್ದೀರಿ. ಗಾಡಿ ಸತ್ತ ಮೊದಲ ಐದು ನಿಮಿಷದಲ್ಲೇ ನೋಡಬೇಕು.

ನನಗೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಫುಲ್ ಮಾಡಿಸಿದ ಮೇಲೆ 40 ಕಿಮೀ, ಮತ್ತೆ ಫುಲ್ ಮಾಡಿಸಿದ ಮೇಲೆ 35. ನಡುವೆ ಟ್ಯಾಂಕ್ ಸ್ವಲ್ಪ ಖಾಲಿ ಇದ್ದಾಗ 70 ಕಿಮೀಗೂ ಜಾಸ್ತಿ ಓಡಿದೆ. ಬಿಸಿಲಿಗೆ ಟ್ಯಾಂಕ್ ಫುಲ್ ಇದೆಯೋ ಅರ್ಧ ಇದೆಯೋ ಏನು ಗೊತ್ತು? ಕಾಯಿಲ್‌ಗಂತೂ ಗೊತ್ತೇ ಇಲ್ಲ. ಪೆಟ್ರೋಲ್ ಹೊರಗೆ ಹೋದಷ್ಟೂ ಟ್ಯಾಂಕ್ ಒಳಗೆ ಗಾಳಿ ಬರಬೇಕು. ಗಾಳಿಯ ದಾರಿ ಮುಚ್ಚಿದ್ದರೆ ಒಳಗೆ ವ್ಯಾಕ್ಯೂಮ್ ಕಟ್ಟುತ್ತದೆ. ಟ್ಯಾಂಕ್ ತುಂಬಾ ತುಂಬಿದ್ದರೆ ಮೇಲಿರುವ ಗಾಳಿ ಕಡಿಮೆ, ಮೂರು ಲೀಟರ್ ಖರ್ಚಾಗುವಷ್ಟರಲ್ಲಿ ಪಂಪ್ ಎಳೆಯಲಾರದ ಹಾಗೆ ಆಗುತ್ತದೆ. ಅರ್ಧ ಟ್ಯಾಂಕ್ ಇದ್ದರೆ ಅಷ್ಟು ಬೇಗ ಆಗುವುದಿಲ್ಲ.

ಟ್ಯಾಂಕ್ ಮುಚ್ಚಳ ಮೂಲದ್ದೇನಾ?

ಕಾಲಮ್‌ಗೇರ್:
ಅಯ್ಯೋ. ಇಲ್ಲ ಸರ್. ಹಳೇ ಮುಚ್ಚಳವನ್ನು ಜೋಧಪುರದ ಬಂಕಿನಲ್ಲಿ ಮರೆತು ಹೊರಟಿದ್ದೆ, ವಾಪಸ್ ಹೋದಾಗ ಇರಲಿಲ್ಲ. ಅಲ್ಲೇ ಒಂದು ಅಂಗಡಿಯಲ್ಲಿ ಬೀಗ ಇರುವ ಹೊಸ ಮುಚ್ಚಳ ತಗೊಂಡೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯಲೇ ಇಲ್ಲ.

ಟ್ಯಾಂಕ್‌ಗೆ ಗಾಳಿ ಹೋಗಲು ಬೇರೆ ಬ್ರೀದರ್ ಪೈಪ್ ಒಂದಿದೆ, ಆದರೆ ತುದಿ ಕಾಣುತ್ತಿಲ್ಲ. ಟೆಸ್ಟ್ ಹೇಗೆ ಮಾಡಲಿ? ಒಬ್ಬನೇ ಅಲ್ವಾ, ಸೆಲ್ಫ್ ಹೊಡೆಯುತ್ತಾ ಬಾನೆಟ್ ಒಳಗೆ ನೋಡಲು ಆಗುವುದಿಲ್ಲ.

ಗದಗ ಗ್ಯಾರೇಜ್:
ನಿಂತ ತಕ್ಷಣ ಮುಚ್ಚಳ ತೆಗೆಯಬೇಡಿ, ತೆಗೆದರೆ ಸಾಕ್ಷಿ ಹೋಯಿತು. ಮೊದಲು ಸ್ಪಾರ್ಕ್ ನೋಡಿ. ಕಾಯಿಲ್‌ನಿಂದ ಬರುವ ದಪ್ಪ ಎಚ್‌ಟಿ (ಹೈ ಟೆನ್ಷನ್) ವೈರನ್ನು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವುದು) ಕಡೆಯಿಂದ ಬಿಚ್ಚಿ, ಎಂಜಿನ್ ಬ್ಲಾಕ್‌ನಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿ, ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಬಾನೆಟ್ ಒಳಗೆ ಆನಿಸಿ ಇಡಿ. ಒಳಗೆ ಹೋಗಿ ಸೆಲ್ಫ್ ಹೊಡೆಯಿರಿ, ಆಮೇಲೆ ವಿಡಿಯೋ ನೋಡಿ. ನೀಲಿ ಕಿಡಿ ಪಟಪಟ ಅಂದರೆ ಕಾಯಿಲ್ ಸರಿಯಿದೆ, ಅದರ ಯೋಚನೆ ಬಿಡಿ.

ಅದನ್ನು ಮುಗಿಸಿ, ವೈರ್ ವಾಪಸ್ ಹಾಕಿ, ಕಾಯಿಲ್‌ನ ಸಣ್ಣ ವೈರ್ ಒಂದನ್ನು ಬಿಚ್ಚಿಟ್ಟ ಮೇಲೆಯೇ ಪೆಟ್ರೋಲ್ ನೋಡಿ. ಕಿಡಿ ಮತ್ತು ಪೆಟ್ರೋಲ್ ಒಟ್ಟಿಗೆ ಬೇಡ, ಅಲ್ಲಿ ಬೆಂಕಿ ಬಿದ್ದರೆ ಓಡಿ ಬರುವವರು ಯಾರೂ ಇಲ್ಲ. ಕಾರ್ಬುರೇಟರ್‌ಗೆ ಹೋಗುವ ಪೈಪ್ ಬಿಚ್ಚಿ ಬಾಟಲಿಯೊಳಗೆ ಬಿಡಿ, ಹತ್ತು ಸೆಕೆಂಡ್ ಸೆಲ್ಫ್. ಬಾಟಲಿಯಲ್ಲಿ ಬಿದ್ದದ್ದೆಷ್ಟು ನೋಡಿ. ಕೊನೆಗೆ ಮುಚ್ಚಳ ನಿಧಾನ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ.

ಹಳೇಫಿಯೆಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೈಪಿನಲ್ಲಿ ವ್ಯಾಕ್ಯೂಮ್ ಇದ್ದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಎರಡೂ ಸೇರಿರಬಹುದು.

ಥಾರ್‌ರೌಂಡ್:
ಗಾಡಿ ವಿಷಯ ಅವರು ಹೇಳಿದ್ದಾರೆ, ನಾನು ದಾರಿ ಬಗ್ಗೆ. ಜೈಸಲ್ಮೇರ್‌ನಿಂದ ತನೋಟ್ ಸುಮಾರು 120 ಕಿಮೀ, ಅರ್ಧ ದಾರಿಯಲ್ಲಿ ರಾಮಗಢ. ಅದಾದ ಮೇಲೆ ಬಂಕ್ ನಂಬಿಕೊಳ್ಳಬೇಡಿ, ಫೋನ್ ನೆಟ್‌ವರ್ಕನ್ನೂ ನಂಬಬೇಡಿ. ಟೆಸ್ಟ್ ಮಾಡುವುದಿದ್ದರೆ ರಾಮಗಢದ ಈಚೆಗೇ ಮಾಡಿ. ಹತ್ತು ಲೀಟರ್ ನೀರು ಕುಡಿಯಲಿಕ್ಕೆ ಬೇರೆ, ರೇಡಿಯೇಟರ್‌ಗೆ ಬೇರೆ. ನಿಂತರೆ ಗಾಡಿ ಬಿಟ್ಟು ನಡೆದುಕೊಂಡು ಹೊರಡಬೇಡಿ, ಅದರ ನೆರಳಲ್ಲೇ ಕೂತಿರಿ. ಮಾರ್ಚ್ ಆಗಿದ್ದಕ್ಕೆ ಸರಿ. ಅದೇ ಕಡೆಯ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿದೆ.

ಕಾಲಮ್‌ಗೇರ್:
ಅಪ್‌ಡೇಟ್. ನಿನ್ನೆ ಬೇಕಂತಲೇ ಜೈಸಲ್ಮೇರ್‌ನಲ್ಲಿ ಕುತ್ತಿಗೆವರೆಗೆ ಫುಲ್ ಮಾಡಿಸಿ, ಬೆಳಿಗ್ಗೆ ಐದೂವರೆಗೆ ಹೊರಟೆ. ಇನ್ನೂ ಕತ್ತಲು, ಚಳಿ ಅನ್ನಿಸುವಷ್ಟು ತಂಪು, ಸ್ವೆಟರ್ ಹಾಕಿಕೊಂಡಿದ್ದೆ. 41 ಕಿಮೀಗೆ ಜಗ್ಗಾಡಿ ನಿಂತಿತು. ಜೀವಮಾನದಲ್ಲಿ ಮೊದಲ ಸಲ ಗಾಡಿ ಕೆಟ್ಟಿದ್ದಕ್ಕೆ ಖುಷಿಯಾಯಿತು.

ವಿಡಿಯೋದಲ್ಲಿ ಕಿಡಿ ಚೆನ್ನಾಗಿ ನೀಲಿ. ಬಾಟಲಿಗೆ ನಾಲ್ಕು ಹನಿ ಬಿತ್ತು, ಅಷ್ಟೇ. ಎಲ್ಲ ವಾಪಸ್ ಜೋಡಿಸಿ ಮುಚ್ಚಳ ತಿರುಗಿಸಿದರೆ ಉಸ್ಸ್... ಅಂತ ನಾಲ್ಕೈದು ಸೆಕೆಂಡ್ ಗಾಳಿ ಒಳಗೆ ಎಳೆದುಕೊಂಡಿತು. ಎರಡನೇ ಸೆಲ್ಫ್‌ಗೆ ಸ್ಟಾರ್ಟ್. ಐದು ನಿಮಿಷವೂ ಕಾಯಲಿಲ್ಲ.

ರಾಮಗಢದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವರು ಗಾಡಿ ಕೆಳಗೆ ತೂರಿ ನೋಡಿದರು. ಬ್ರೀದರ್ ಪೈಪ್ ತುದಿಗೆ ಯಾವುದೋ ಕಾಲದಲ್ಲಿ ಯಾರೋ ಬೋಲ್ಟ್ ಹಾಕಿ ಮುಚ್ಚಿದ್ದಾರೆ. ಇಷ್ಟು ವರ್ಷ ಹಳೇ ಮುಚ್ಚಳದ ತೂತಿನಿಂದಲೇ ಟ್ಯಾಂಕ್ ಉಸಿರಾಡಿದೆ, ಹೊಸದರಲ್ಲಿ ತೂತೇ ಇಲ್ಲ. ಬೋಲ್ಟ್ ತೆಗೆದು, ಮರಳು ಹೋಗದ ಹಾಗೆ ತುದಿಗೆ ತೆಳು ಜಾಲರಿ ಕಟ್ಟಿದರು. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ, ಸ್ಟೇರಿಂಗ್ ಹಿಡಿದು ಒಂದು ಫೋಟೋ ಬೇಕು ಅಂದರು.

ಆಮೇಲೆ ತನೋಟ್, ಅಲ್ಲಿಂದ ಲೋಂಗೇವಾಲಾ, ಮಧ್ಯಾಹ್ನದ ಬಿಸಿಲಲ್ಲೇ. ಒಂದು ಸಲವೂ ನಿಲ್ಲಲಿಲ್ಲ.

ಬಾನೆಟ್‌ಎತ್ತಿ:
ಕಾಯಿಲ್ ತಗೊಂಡಿರಲಿಲ್ಲ ತಾನೇ? 😬

ಕಾಲಮ್‌ಗೇರ್:
ತಗೊಂಡಿದ್ದೆ. ಡಿಕ್ಕಿಯಲ್ಲಿದೆ, ಇರಲಿ ಬಿಡಿ.

ಹಳೇಫಿಯೆಟ್:
ಬೆಳಿಗ್ಗೆ ಸ್ವೆಟರ್ ಹಾಕಿಕೊಂಡಾಗಲೂ ನಿಂತಿತು ಅಂದಮೇಲೆ ನಾನು ಸೋತೆ. ವಾಪಸ್ ಬಾರ್ಮೇರ್ ಕಡೆಯಿಂದ ಬನ್ನಿ, ಬೇರೆ ದಾರಿ ನೋಡಿದ ಹಾಗಾಗುತ್ತದೆ.

ಕಾಲಮ್‌ಗೇರ್:
ಆಸೆ ಇದೆ, ಆದರೆ ಲಾಠಿ ಮೇಲೆಯೇ ಹೋಗಬೇಕು. ಚಹಾ ಅಂಗಡಿಯವನ ಗೋಣಿಚೀಲ ಇನ್ನೂ ನನ್ನ ಹತ್ತಿರವೇ ಇದೆ.