ನಗಿಸುವ ಗೂಢಚಾರಿ ಕಾಮಿಕ್ಸ್: ಒಂಬತ್ತು ವರ್ಷದವನಿಗೆ ಯಾವುದು ಕೊಡಲಿ?

ಕೇಳಿದವರು, ಬೆಂಗಳೂರಿನ ಅಮ್ಮ
ಮಗ ನಾಲ್ಕನೇ ಕ್ಲಾಸು. ಪುಸ್ತಕ ಅಂದ್ರೆ ಮುಖ ತಿರುಗಿಸ್ತಾನೆ. ಈಗ ಪತ್ತೇದಾರಿ ಹುಚ್ಚು ಹತ್ತಿದೆ. ಅಜ್ಜಿಯ ಡಬ್ಬಿಯಿಂದ ಚಕ್ಕುಲಿ ಕದ್ದವರು ಯಾರು ಅಂತ ಅಕ್ಕಿಹಿಟ್ಟು ಉದುರಿಸಿ ಬೆರಳಚ್ಚು ಹುಡುಕ್ತಾನೆ (ಕದ್ದವನು ಅವನೇ). ನಗು ಬರುವಂಥ ಸ್ಪೈ ಕಾಮಿಕ್ಸ್ ನಿಮ್ಮ ಮಕ್ಕಳಿಗೆ ಏನಾದ್ರೂ ಹಿಡಿಸಿತಾ? ಇಂಗ್ಲಿಷ್ ಓದೋದು ನಿಧಾನ.

ಮೈಸೂರಿನ ಅಮ್ಮ
ನಮ್ಮನೇಲಿ ಗೆದ್ದಿದ್ದು ಜಾನ್ ಪ್ಯಾಟ್ರಿಕ್ ಗ್ರೀನ್ ಅವರ ‘ಇನ್ವೆಸ್ಟಿಗೇಟರ್ಸ್’. ಮೊದಲ ಪುಸ್ತಕ 2020ರದು. ಮ್ಯಾಂಗೊ, ಬ್ರ್ಯಾಶ್ ಅಂತ ಎರಡು ಆಲಿಗೇಟರ್‌ಗಳು ಗುಪ್ತ ಏಜೆಂಟರು. ಓಡಾಡೋದು ಒಳಚರಂಡಿಯಲ್ಲಿ, ಮೇಲೆ ಬರೋದು ಕಮೋಡಿನಿಂದ. ಈ ಒಂದು ವಿಷಯಕ್ಕೇ ಮಗಳು ಪುಸ್ತಕ ಕೆಳಗಿಡಲಿಲ್ಲ.

ಒಂದೇ ತೊಡಕು, ಪುಟಪುಟಕ್ಕೂ ಶ್ಲೇಷೆ. ಹೆಸರೇ ನೋಡಿ: ಅವರು ತೊಡೋದು ಉಪಕರಣ ತುಂಬಿದ ವೆಸ್ಟ್, ಅವರೇ ಗೇಟರ್‌ಗಳು, ಎರಡೂ ‘ಇನ್ವೆಸ್ಟಿಗೇಟರ್’ ಒಳಗೇ ಕೂತಿವೆ. ಮಗು ಒಂಟಿಯಾಗಿ ಓದಿದ್ರೆ ಇದು ತಲೆ ಮೇಲೆ ಹೋಗುತ್ತೆ. ನಾನು ಪಕ್ಕ ಕೂತು ಕನ್ನಡದಲ್ಲಿ ಡಬ್ಬಿಂಗ್ ಮಾಡ್ತಿದ್ದೆ. ಕ್ರ್ಯಾಕರ್ ಬಿಸ್ಕತ್ತಿನ ಹಿಟ್ಟಿಗೆ ಬಿದ್ದು ಖಳನಾದವನ ಹೆಸರು ಕ್ರ್ಯಾಕರ್‌ಡೈಲ್. ಕನ್ನಡದಲ್ಲಿ ಏನಪ್ಪಾ ಅನ್ನೋದು ಅಂತ ನಾನು ತಡಕಾಡ್ತಿದ್ದರೆ ಮಗಳು ಥಟ್ಟನೆ ‘ಬಿಸ್ಕೊಸಳೆ’ ಅಂದಳು. ಆಮೇಲೆ ಪುಸ್ತಕ ಮುಗಿಯೋ ತನಕ ಹೆಸರಿಡೋ ಕೆಲಸ ಅವಳದೇ.

ಧಾರವಾಡದ ಅಪ್ಪ
ಇಂಗ್ಲಿಷ್ ನಿಧಾನ ಅಂದ್ರ ಮಾತೇ ಇಲ್ಲದ್ದು ಕೊಡ್ರಿ. ‘ಸ್ಪೈ ವರ್ಸಸ್ ಸ್ಪೈ’. ಒಬ್ಬಾಂವ ಕರಿ ಅರಿವಿ, ಒಬ್ಬಾಂವ ಬಿಳಿ. ಇಬ್ಬರದೂ ಮೂಗು ಕಾಗಿ ಕೊಕ್ಕಿನಂಗ. ಒಬ್ಬರಿಗೊಬ್ಬರು ಗುಂಡಿ ತೋಡೋದು, ಕಡೀಕ ತೋಡಿದಾಂವನ ಬೀಳೋದು. ಬಾಂಬ್ ಭಾಳ ಸಿಡೀತಾವ, ಮೊದಲೇ ಹೇಳೇನಿ.

ತೆಗದಾಂವ ಆಂಟೋನಿಯೊ ಪ್ರೊಹಿಯಾಸ್, ಕ್ಯೂಬಾದ ವ್ಯಂಗ್ಯಚಿತ್ರಗಾರ. ಕ್ಯಾಸ್ಟ್ರೊ ಸರ್ಕಾರದ ಕಾಟಕ್ಕ 1960ರಾಗ ನ್ಯೂಯಾರ್ಕಿಗೆ ಬಂದ, ಮರುವರ್ಷ ‘ಮ್ಯಾಡ್’ ಪತ್ರಿಕಿಯೊಳಗ ಇದು ಶುರು ಆತು. ತಲಿಬರಹದ ಕೆಳಗ ಚುಕ್ಕಿ-ಗೀಟು ಅದಾವ ನೋಡ್ರಿ, ಅದು ಮೋರ್ಸ್ ಸಂಕೇತದಾಗ ‘ಬೈ ಪ್ರೊಹಿಯಾಸ್’ ಅಂತ ಅವನ ಸಹಿ. ಒಂದು ಗೀಟು, ಮೂರು ಚುಕ್ಕಿ ಅಂದ್ರ ‘ಬಿ’. ನನ್ನ ಮಗ ಅದನ್ನ ಬಿಡಿಸಾಕ ಒಂದು ಸಂಜಿ ಕುಂತ. ಆಮೇಲೆ ಎರಡು ವಾರ ಗಂಗಾಳದ ಮ್ಯಾಲೆ ಚಮಚಾ ಬಡದು ‘ಇನ್ನೊಂದು ರೊಟ್ಟಿ’ ಕೇಳ್ತಿದ್ದ. ತಲಿ ಕೆಟ್ಟು ಮೊಸರಾಗಿತ್ತು.

ಶಾಲೆ ಲೈಬ್ರರಿ ನೋಡಿಕೊಳ್ಳುವವಳು, ಉಡುಪಿ ಕಡೆ
ಟಿನ್‌ಟಿನ್ ಸರಣಿಯ ‘ದಿ ಕ್ಯಾಲ್ಕ್ಯುಲಸ್ ಅಫೇರ್’ ಅಪ್ಪಟ ಗೂಢಚಾರಿ ಕತೆ. ಆದರೆ ಅಕ್ಷರ ಸಣ್ಣ, ಮಾತು ಜಾಸ್ತಿ. ಹನ್ನೊಂದಕ್ಕೆ ಎತ್ತಿಡಿ. ಈಗ ಬೇಕಿದ್ದರೆ ಕ್ಯಾಪ್ಟನ್ ಹ್ಯಾಡಾಕ್‌ಗೆ ಅಂಟಿಕೊಂಡ ಪ್ಲಾಸ್ಟರ್ ಚೂರಿನ ಪುಟ ಮಾತ್ರ ತೋರಿಸಿ. ಕಿತ್ತು ಬಿಸಾಡಿದಷ್ಟೂ ಅದು ಒಬ್ಬರಿಂದ ಒಬ್ಬರಿಗೆ ಅಂಟಿ ತಿರುಗಿ ಅವನಿಗೇ ಬರುತ್ತದೆ. ನಮ್ಮಲ್ಲಿ ಆ ಪುಟವೇ ಮೊದಲು ಹರಿದದ್ದು.

ಸಣ್ಣ ಕತೆ ಸಾಕೆಂದರೆ ಮಕ್ಕಳ ಪತ್ರಿಕೆ ‘ಟಿಂಕಲ್’ನ ‘ಡಿಫೆಕ್ಟಿವ್ ಡಿಟೆಕ್ಟಿವ್ಸ್’. ಇಲ್ಲದ ಅಪರಾಧ ಪತ್ತೆಹಚ್ಚುವ ಇಬ್ಬರು ಹುಡುಗರು, ನಿಮ್ಮ ಮಗನ ಹಾಗೆಯೇ. 1980ರಲ್ಲಿ ‘ಟಿಂಕಲ್’ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಮಾರಾಯ್ರೆ, ಹೇಳದೆ ಇರಲಿಕ್ಕಾಗುವುದಿಲ್ಲ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಧಾರವಾಡದವರ ಮಾತು ಕೇಳಿ ಕಪ್ಪು-ಬಿಳಿ ಗೂಢಚಾರಿಗಳನ್ನೇ ತಂದೆ. ಮೂರನೇ ದಿನ ಫ್ರಿಡ್ಜ್ ಮೇಲೊಂದು ಚೀಟಿ, ತುಂಬಾ ಚುಕ್ಕಿ-ಗೀಟು. ಅರ್ಧ ಗಂಟೆ ಕೂತು ಬಿಡಿಸಿದೆ: ‘ಕೋಡುಬಳೆ ಎಲ್ಲಿ’.