ಹೆಂಡತಿಯ ಬಂಗಾರ ಅಡವಿಟ್ಟು ಬ್ಯಾಂಕಿನ ಸಾಲ ತೀರಿಸಲೇ?

ಓದುಗರ ಸಮಸ್ಯೆ: ಗದಗ-ಬೆಟಗೇರಿಯಲ್ಲಿ ಸಣ್ಣ ಮುದ್ರಣಾಲಯ ನಡೆಸುತ್ತೇನೆ. ಯಂತ್ರದ ಸಾಲ 4.20 ಲಕ್ಷ ಬಾಕಿ ಇದೆ, ಒಂದು ವರ್ಷದಿಂದ ಕಂತು ಕಟ್ಟಿಲ್ಲ. ಮೂರು ತಿಂಗಳೊಳಗೆ 2.80 ಲಕ್ಷ ಕಟ್ಟಿದರೆ ಒಟಿಎಸ್‌ನಲ್ಲಿ (ಬಾಕಿಗಿಂತ ಕಡಿಮೆ ಮೊತ್ತಕ್ಕೆ ಮಾಡುವ ರಾಜಿ) ಲೆಕ್ಕ ಮುಗಿಸುವುದಾಗಿ ಬ್ಯಾಂಕಿನವರು ಹೇಳಿದ್ದಾರೆ. ಬಂಗಾರ ಅಡವಿಟ್ಟು ಕಟ್ಟಲೇ? ಜಾಮೀನು ಹಾಕಿದವರು ನನ್ನ ಭಾವಮೈದುನ.

ಓದುಗರ ಸ್ಪಂದನ

ಸಾಲ ವಸೂಲಿಯ ಮೇಜಿನ ಹಿಂದೆ ವರ್ಷಗಟ್ಟಲೆ ಕೂತವನು ನಾನು. ಒಟಿಎಸ್ ಅಂದ ಕೂಡಲೆ ಎಲ್ಲರ ಕಣ್ಣು ಬೀಳುವುದು ಬಿಟ್ಟುಕೊಡುವ ಮೊತ್ತದ ಮೇಲೆ. ನಿಮಗೆ 1.40 ಲಕ್ಷ ಉಳಿಯುತ್ತದೆ, ನಿಜ. ಆದರೆ ಕಟ್ಟುವ 2.80 ಲಕ್ಷವೂ ಸಾಲವೇ ಆದರೆ? ನೂರಕ್ಕೆ ವರ್ಷಕ್ಕೆ 12ರಂತೆ ಹಿಡಿದರೂ ತಿಂಗಳಿಗೆ 2,800 ರೂಪಾಯಿ ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ವೈಶಾಖದಲ್ಲಿ ಲಗ್ನಪತ್ರಿಕೆ ಕೆಲಸ ಜೋರಿರುತ್ತದೆ. ನೀವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಆಷಾಢ. ಹೋದ ಆಷಾಢದಲ್ಲಿ ಅಂಗಡಿ ಬಾಡಿಗೆ, ಕಾಗದ, ಕರೆಂಟು, ಮನೆಯ ಕಿರಾಣಿ ಕಳೆದು ಕೈಯಲ್ಲಿ ಉಳಿದದ್ದೆಷ್ಟು? ಅದರಲ್ಲಿ ನಿಭಾಯಿಸಲು ಆಗುವಷ್ಟೇ ಒಪ್ಪಿಕೊಳ್ಳಿ.

ಸಿಬಿಲ್‌ಗೆ (ಸಾಲ ತೀರಿಸಿದ ಚರಿತ್ರೆಯ ದಾಖಲೆ) ಹೆದರಿ ಮಾತ್ರ ಒಟಿಎಸ್ ಬಿಡಬೇಡಿ. ಕಂತು 90 ದಿನ ಮೀರಿದಾಗಲೇ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗಿದೆ, ಹೆಸರು ಕೆಡುವಷ್ಟು ಕೆಟ್ಟಿದೆ. ಒಟಿಎಸ್ ಮಾಡಿದರೆ ಆ ದಾಖಲೆಯಲ್ಲಿ ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಬದಲು ‘ಸೆಟಲ್ಡ್’ (ರಾಜಿಯಲ್ಲಿ ಮುಗಿದಿದೆ) ಎಂದು ಬೀಳುತ್ತದೆ. ರಿಸರ್ವ್ ಬ್ಯಾಂಕಿನ 2023ರ ಜೂನ್ ಸುತ್ತೋಲೆಯಂತೆ, ಹೀಗೆ ರಾಜಿಯಾದ ಕೃಷಿಯೇತರ ಸಾಲಗಾರರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ಒಂದೆರಡೇ ಕಂತು ತಪ್ಪಿರುವ ಓದುಗರು ಇದನ್ನು ಓದುತ್ತಿದ್ದರೆ ಅವರ ದಾರಿ ಬೇರೆ. ಅವರು ಈಗಲೇ ಮ್ಯಾನೇಜರನ್ನು ಕಂಡು, ಅವಧಿ ಹೆಚ್ಚಿಸಿ ಕಂತು ಇಳಿಸಲು ಅರ್ಜಿ ಕೊಡಲಿ.
– ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ತಮ್ಮಾ, ನಿಮ್ಮ ಪತ್ರ ಓದಿ ಆವತ್ತು ರಾತ್ರಿ ನಿದ್ದಿ ಬರಲಿಲ್ಲ. ನಾವೂ ಹಿಂಗ ಮಾಡಿದ್ವಿ. ವಸೂಲಿಗೆ ಬಂದವ ಬಾಯಿಮಾತಿನ್ಯಾಗ ‘ಮೊದಲ 50 ಸಾವಿರ ತುಂಬ್ರಿ, ಸೆಟಲ್ಮೆಂಟ್ ಮಾಡಿಸಿ ಕೊಡ್ತೀನಿ’ ಅಂದ. ನನ್ನ ನಾಲ್ಕು ಬಳಿ ಅಡ ಇಟ್ವಿ. ಅಂಗಡಿಯವ ಒರೆಗಲ್ಲಿಗೆ ತಿಕ್ಕಿದಾಗ ಬಿದ್ದ ಹಳದಿ ಗೆರಿ ಇನ್ನೂ ಕಣ್ಣಾಗ ಐತಿ. ಸೆಟಲ್ಮೆಂಟ್ ಪತ್ರ ಬರಲೇ ಇಲ್ಲ. ತುಂಬಿದ ರೊಕ್ಕ ಹಳೇ ಬಡ್ಡಿಗೆ ಜಮಾ ಆತು, ಬಳಿ ಹರಾಜಿಗೆ ಹೋದವು. ಎಷ್ಟು ರೊಕ್ಕ, ಯಾವ ತಾರೀಖಿನೊಳಗ, ತುಂಬಿದ ಮ್ಯಾಲೆ ಏನೂ ಬಾಕಿ ಇಲ್ಲ ಅಂತ ಬ್ಯಾಂಕಿನ ಸಿಕ್ಕಾ ಬಿದ್ದ ಪತ್ರ ಕೈಗೆ ಬರೂತನಕ ಒಂದು ರೂಪಾಯಿನೂ ಕೊಡಬ್ಯಾಡ್ರಿ. ಬಂಗಾರದ ವಿಚಾರ ನಿಮ್ಮ ಮನಿಯವರನ್ನ ಕೂಡಿಸಿಕೊಂಡು ಮಾತಾಡ್ರಿ. ಅದು ಅವರದು.
– ಮಹಿಳಾ ಓದುಗರು, ಹಾವೇರಿ

ಮೇಲಿನ ಸಹೋದರಿಯ ಮಾತಿಗೆ ಒಂದನ್ನು ಸೇರಿಸುತ್ತೇನೆ. ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸುವ ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲ, ದಾವೆ ಹೂಡುವ ಮೊದಲೂ ಪ್ರಕರಣ ತೆಗೆದುಕೊಳ್ಳುತ್ತಾರೆ. ಗದಗ ನ್ಯಾಯಾಲಯದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ. ಅದೇ 2.80 ಲಕ್ಷವನ್ನು ಕಂತಿನಲ್ಲಿ ಕಟ್ಟುತ್ತೇನೆಂದು ಅಲ್ಲಿ ಕೇಳಿ. ಬ್ಯಾಂಕು ಒಪ್ಪಿದರೆ ಬಂಗಾರ ಮನೆಯಲ್ಲೇ ಉಳಿಯುತ್ತದೆ. ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿಯ ತೀರ್ಪು ಕೋರ್ಟಿನ ಡಿಕ್ರಿಗೆ (ಪಾಲಿಸಲೇಬೇಕಾದ ಆದೇಶ) ಸಮ, ಮೇಲ್ಮನವಿ ಇಲ್ಲ. ಆಷಾಢದಲ್ಲಿ ಕಟ್ಟಲಾಗದ ಕಂತಿಗೆ ಸಹಿ ಹಾಕಬೇಡಿ. ಸಾಲಗಾರನಿಗೆ ಇರುವಷ್ಟೇ ಹೊಣೆ ಜಾಮೀನುದಾರನಿಗೂ ಇದೆ, ಹಾಗಾಗಿ ರಾಜಿಪತ್ರದಲ್ಲಿ ಭಾವಮೈದುನರ ಬಿಡುಗಡೆಯೂ ಬರೆದಿರಬೇಕು. ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.
– ವಕೀಲ, ಹುಬ್ಬಳ್ಳಿ